ದರಿದ್ರ ಎಂಬ ಬೈಗುಳದ ಬೇರು

“ಬೆಳಿಗ್ಗೆ ಬೆಳಿಗ್ಗೆ ದರಿದ್ರ!”

ಗುಮಾಸ್ತ ಹೇಳಿದ್ದು ಮೆಲ್ಲಗೇ. ಆದರೆ ಕೌಂಟರಿನ ಈಚೆ ನಿಂತಿದ್ದ ದೇವಿಗೆ ಕೇಳಿಸಿತು. ಅವಳ ಹಿಂದೆ ನಿಂತಿದ್ದ ನನಗೂ.

ಕಳೆದ ವಾರದ ಮಾತು. ಅಮ್ಮನ ರೇಷನ್ ಕಾರ್ಡಿನಲ್ಲಿ ಹೆಸರು ತಿದ್ದಿಸಲು ಭಟ್ಕಳದ ಕಚೇರಿಯೊಂದಕ್ಕೆ ಹೋಗಿದ್ದೆ. ದೇವಿ ಹತ್ತಿರದ ಬೆಳಕೆ ಎಂಬ ಊರಿನವಳು. ಗಂಡ ತೀರಿಕೊಂಡಿದ್ದಾನೆ, ಒಣಮೀನು ಮಾರಿ ಬದುಕುತ್ತಾಳೆ. (ಕ್ಯೂನಲ್ಲಿ ಒಂದು ತಾಸು ನಿಂತರೆ ಇಷ್ಟು ಪರಿಚಯ ಆಗಿಯೇ ಆಗುತ್ತದೆ.) ಅವಳ ಬಿಪಿಎಲ್ ಕಾರ್ಡು ರದ್ದಾಗಿತ್ತು. ಕಾರಣ? ಅವಳ ಹೆಸರಿನಲ್ಲಿ ಕಾರು ಇದೆಯಂತೆ! ಕಂಪ್ಯೂಟರ್ ಹೇಳುತ್ತಿದೆಯಂತೆ!

“ನಂಗೆ ಕಾರಿದ್ರೆ ಮೀನ್ ಬುಟ್ಟಿ ಎಂತಕ್ಕೆ ಹೊರ್ತಿದ್ದೆ ಸಾರ್?”

“ಅದೆಲ್ಲ ನಂಗೊತ್ತಿಲ್ಲ. ಹೊನ್ನಾವರದ ಆರ್‌ಟಿಓ ಆಫೀಸಿಗೆ ಹೋಗಿ ಕಾರಿಲ್ಲ ಅಂತ ಬರೆಸ್ಕೊಂಡು ಬಾ.”

“ಹೋಗಿದ್ದೆ. ಅವ್ರು ಇಲ್ಲೇ ಆಗ್ಬೇಕು ಅಂದ್ರು. ಪಂಚಾಯ್ತಿಯವ್ರೂ ಇಲ್ಲಿಗೇ ಕಳಿಸಿದ್ರು. ಇದು ಆರನೇ ಸಲ ಸಾರ್.”

ಆಗ ಉದುರಿದ ಮುತ್ತು ಅದು. ದರಿದ್ರ!

ಮೈ ಉರಿಯಿತು. ದೇವಿಯ ಕೈ ಹಿಡಿದು ಸೀದಾ ಸಾಹೇಬರ ಕೋಣೆಗೆ ನುಗ್ಗಿದೆ. ಪತ್ರಿಕೆಗೆ ಬರೆಯುತ್ತೇನೆ ಎಂದೆ. ತಕ್ಷಣ ಕುರ್ಚಿ ಬಂತು. ಒಂದೇ ಕುರ್ಚಿ, ನನಗೆ. ಕೂರಲಿಲ್ಲ. ಸಾಹೇಬರು ಕಂಪ್ಯೂಟರ್ ನೋಡಿದರು. ಆಧಾರ್ ನಂಬರಿನ ಒಂದು ಅಂಕಿ ತಪ್ಪಿ, ಯಾರದೋ ಕಾರು ಇವಳ ಹೆಸರಿಗೆ ಅಂಟಿಕೊಂಡಿತ್ತು. ತಿದ್ದಿದರು. ಎಷ್ಟು ಹೊತ್ತು ಹಿಡಿಯಿತು ಗೊತ್ತೇ? ಹತ್ತು ನಿಮಿಷ.

ದೇವಿ ಥ್ಯಾಂಕ್ಸ್ ಹೇಳಲಿಲ್ಲ. ಯಾಕೆ ಹೇಳಬೇಕು? ಹೊರಗೆ ಬಂದು ನನ್ನನ್ನೇ ಕೇಳಿದಳು: “ಇಷ್ಟೇ ಆಗಿತ್ತಾ ಅಮ್ಮಾ? ಮೂರು ತಿಂಗ್ಳು ಒಂದೇ ಹೊತ್ತು ಉಂಡೆನಲ್ಲ ನಾನು!”



ಮನೆಗೆ ಬಂದರೂ ಆ ಬೈಗುಳ ಕಿವಿ ಬಿಡಲಿಲ್ಲ. ಶಾಲೆಯಲ್ಲಿ ನನಗೆ ಸಂಸ್ಕೃತ ಕಲಿಸಿದ ಮೇಷ್ಟ್ರು ಕುಮಟಾ ಹತ್ತಿರದ ಸಂತೆಗುಳಿಯಲ್ಲಿದ್ದಾರೆ. ಫೋನ್ ಮಾಡಿದೆ. ದರಿದ್ರ ಎಂಬ ಪದ ಹುಟ್ಟಿದ್ದಾದರೂ ಎಲ್ಲಿ ಸರ್? ಅವರು ತಮ್ಮ ಹವ್ಯಕ ಕನ್ನಡದಲ್ಲೇ ಬಿಡಿಸಿ ಹೇಳಿದರು:

“‘ದ್ರಾ’ ಹೇಳಿ ಒಂದು ಧಾತು ಇದ್ದು ತಂಗೀ. ಹಂಗಂದ್ರೆ ಓಡದು. ಅತ್ಲಾಗೆ ಇತ್ಲಾಗೆ ಓಡ್ತಾನೇ ಇಪ್ಪವ ದರಿದ್ರ. ಹೊಟ್ಟೆಪಾಡಿಗೆ ಅಲೆಯಲೇ ಬೇಕು. ಮೂಲದಲ್ಲಿ ಅದು ಬೈಗುಳ ಅಲ್ಲ.”

ನಾವೋ, ಅದನ್ನು ಅಪಶಕುನ ಮಾಡಿಕೊಂಡಿದ್ದೇವೆ. ಬೆಳಕೆಯಿಂದ ಭಟ್ಕಳ, ಭಟ್ಕಳದಿಂದ ಹೊನ್ನಾವರ, ತಿರುಗಿ ಭಟ್ಕಳ. ದೇವಿ ತಾನಾಗಿ ಓಡಿದಳೇ? ಫ್ಯಾನಿನ ಕೆಳಗೆ ಕೂತವರು ಓಡಿಸಿದರು. ಓಡಿಸಿ, ಅವಳು ಸುಸ್ತಾಗಿ ಎದುರು ಬಂದು ನಿಂತಾಗ ಮುಖ ಸಿಂಡರಿಸಿದರು.

ಓಡುವವರಿಗೆ ಹೆಸರಿಟ್ಟಾಗಿದೆ. ಓಡಿಸುವವರನ್ನು ಏನೆಂದು ಕರೆಯೋಣ?