ಮಗ್ಗಿ ಪೆಟಗಿಯ ಸೆಲ್ಲು

ಕೆಟ್ಟದ್ದನ್ನೆಲ್ಲ ಬಿಸಿಲು ಸರಿಮಾಡುತ್ತದೆ ಎಂದು ನಮ್ಮ ಮನೆಯವರು ನಂಬಿದ್ದ ದಿನಗಳವು. ಹುಳ ಬಿದ್ದ ತೊಗರಿಬೇಳೆ ಬಿಸಿಲಿಗೆ, ತಮ್ಮ ಒದ್ದೆ ಮಾಡಿದ ಕೌದಿ ಬಿಸಿಲಿಗೆ, ನೆಗಡಿಯಾದರೆ ನಾವೂ ಬೆನ್ನು ತಿರುಗಿಸಿ ಬಿಸಿಲಿಗೆ. ರೇಡಿಯೋದ ದನಿ ಕುಗ್ಗಿತೆಂದರೆ ಅದರ ಸೆಲ್ಲುಗಳನ್ನು ಹೊರಗೆ ತೆಗೆದು ಮಾಳಿಗೆಯ ಮೇಲೆ ಸಾಲಾಗಿ ಮಲಗಿಸುತ್ತಿದ್ದರು. ಸಂಜೆಗೆ ತಿರುಗಿ ಹಾಕಿದರೆ ಇನ್ನೂ ಕೆಲವು ದಿನ ವಾರ್ತೆ ಕೇಳಿಸುತ್ತಿತ್ತು. ನಿಮ್ಮ ಮನೆಯಲ್ಲೂ ಹೀಗೆ ಮಾಡಿದ್ದು ನೆನಪಿರಬೇಕು.

ನಮ್ಮದು ಶಿರಹಟ್ಟಿ. ಅಪ್ಪನದು ಬಜಾರಿನಲ್ಲಿ ಕಿರಾಣಿ ಅಂಗಡಿ. ಮನೆಯಲ್ಲಿ ಅಪ್ಪ, ಅವ್ವ, ನಾವು ‘ಆಯಿ’ ಎಂದು ಕರೆಯುತ್ತಿದ್ದ ಅಪ್ಪನ ತಾಯಿ, ನಾನು, ಮತ್ತು ಆಗಷ್ಟೇ ಮಾತು ಕಲಿಯುತ್ತಿದ್ದ ತಮ್ಮ ಬಸು. ನಾನು ಐದನೆಯ ಇಯತ್ತೆ ಮುಗಿಸಿದ ಬೇಸಿಗೆ ಅದು. ಆ ಬೇಸಿಗೆಯ ಒಂದು ಮಧ್ಯಾಹ್ನ ನೆನಪಾದರೆ ಈಗಲೂ ನನ್ನ ಅಂಗೈ ಬೆವರುತ್ತದೆ.

ರಜೆಗೆಂದು ಬಂದ ಸೋಲಾಪುರದ ಮಾಮಾ ನನಗೊಂದು ಆಟಿಕೆ ತಂದಿದ್ದ. ಅಂಗೈಯಲ್ಲಿ ಕೂರುವಷ್ಟು ಹಸಿರು ಡಬ್ಬಿ. ನಡುವೆ ಬೂದು ಗಾಜು, ಕೆಳಗೆ ಅಂಕಿಗಳ ರಬ್ಬರ್ ಬಟನ್ನುಗಳು. ಗಾಜಿನೊಳಗೆ ಒಂದು ಮೊಲ ಹಳ್ಳದ ದಂಡೆಯಲ್ಲಿ ನಿಂತಿರುತ್ತಿತ್ತು, ಅದರ ತಲೆಯ ಮೇಲೆ ಒಂದು ಲೆಕ್ಕ ಮೂಡುತ್ತಿತ್ತು. ಸರಿಯಾದ ಉತ್ತರ ಒತ್ತಿದರೆ ಮೊಲ ಮುಂದಿನ ಕಲ್ಲಿಗೆ ಜಿಗಿಯುತ್ತಿತ್ತು. ತಪ್ಪಿದರೆ ನೀರಿಗೆ ಬಿದ್ದು ‘ಟುಂಯ್’ ಎಂದು ಸೊರಗುತ್ತಿತ್ತು. ಆಡುತ್ತಾಡುತ್ತ ಮಗ್ಗಿ ಬಾಯಿಪಾಠ ಆಗುತ್ತದೆ ಎಂದು ಮಾಮಾ ಹೇಳಿದ್ದ. ಆಯಿ ಅದಕ್ಕೆ ‘ಮಗ್ಗಿ ಪೆಟಗಿ’ ಎಂದು ಹೆಸರಿಟ್ಟಳು.

ಆಯಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಹೊಸದೇನು ಮನೆಗೆ ಬಂದರೂ ಮೊದಲು ಕೈ ಹಾಕುವವಳು ಅವಳೇ. ಕುಕ್ಕರಿನ ಸೀಟಿಗೆ ಅವ್ವ ಅಡುಗೆಮನೆ ಬಿಟ್ಟು ಓಡಿದ ದಿನ, ಆಯಿ ಅದರ ಮುಚ್ಚಳ ತಿರುಗಿಸಿ ಮುರುಗಿಸಿ ನೋಡಿ, ‘ಉಸರ ಹಿಡದ್ರ ಯಾರಾದ್ರೂ ಒದರತಾರ, ಇದಕ್ಯಾಕ ಅಂಜತಿ?’ ಎಂದಿದ್ದಳು. ಮಗ್ಗಿ ಪೆಟಗಿ ಬಂದ ಮೇಲೆ ಅವಳು ನನ್ನ ಪಕ್ಕ ಬಿಟ್ಟು ಏಳಲಿಲ್ಲ. ಅವಳಿಗೆ ಲೆಕ್ಕಕ್ಕಿಂತ ಮೊಲದ ಚಿಂತೆ.

“ಏಳೆಂಟ್ಲೆ ಎಷ್ಟ ಹೇಳ, ಜಲ್ದಿ ಒತ್ತ! ಅಯ್ಯ, ಮುಳುಗಿಸಿದಿ ನೋಡ. ನಿನ್ನ ಕೈಯಾಗ ಸಿಕ್ಕ ಆ ಮೊಲ ಈಜ ಕಲೀಬೇಕಾತು.”

“ನೀನ ಗಡಬಡ ಮಾಡ್ತಿ ಆಯಿ, ಅದಕ್ಕ ತಪ್ಪತೈತಿ.”

“ನಾ ಗಡಬಡ ಮಾಡದಿದ್ರ ನೀ ನಾಳೆ ಒತ್ತತಿದ್ದಿ.”

ಹೀಗೆ ಆಡಿ ಆಡಿ ಒಂದು ದಿನ ಗಾಜಿನಲ್ಲಿ ಮೊಲ ಮಸುಕಾಯಿತು. ಮರುದಿನ ಅದರ ಕಿವಿಗಳಷ್ಟೇ ಕಂಡವು. ಸೆಲ್ಲು ತೀರಿವೆ, ಗಡಿಯಾರದವರ ಕಡೆ ಸಿಗುತ್ತವೆ, ಗದಗಕ್ಕೆ ಹೋದಾಗ ತರುತ್ತೇನೆ ಎಂದ ಅಪ್ಪ. ಅಲ್ಲಿಯ ತನಕ ಕಾಯುವ ತಾಳ್ಮೆ ನನಗಿರಲಿಲ್ಲ, ಆಯಿಗಂತೂ ಮೊದಲೇ ಇರಲಿಲ್ಲ.

ಸಂಡಿಗೆ ಹಾಕುವ ದಿನಗಳು. ಮಾಳಿಗೆಯ ಮೇಲೆ ಅಪ್ಪನ ಹಳೆಯ ಧೋತರ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು, ಆಯಿ ಬಿಸಿ ಹಿಟ್ಟನ್ನು ಚಮಚದಿಂದ ಸಣ್ಣ ಸಣ್ಣ ಬಿಲ್ಲೆಯಾಗಿ ಬಿಡುತ್ತಿದ್ದಳು. ಜೀರಿಗೆ, ಹಸಿಮೆಣಸಿನಕಾಯಿ, ಬೆಂದ ಅಕ್ಕಿಹಿಟ್ಟಿನ ವಾಸನೆ ಓಣಿಯ ತನಕ ಇಳಿಯುತ್ತಿತ್ತು. ಕೋಲು ಹಿಡಿದು ಕಾಗೆ ಓಡಿಸುವ ಕೆಲಸ ನನ್ನದು. ಬಸುವಿನ ಕೆಲಸ ತಿನ್ನುವುದು. ಮೇಲೆ ಒಣಗಿ ಒಳಗಿನ್ನೂ ಮೆತ್ತಗಿರುವ ಸಂಡಿಗೆಯ ರುಚಿ ಬಲ್ಲವರೇ ಬಲ್ಲರು. ಆಯಿ ಅದನ್ನು ಧೋತರದಿಂದ ಎಬ್ಬಿಸಿ ಎಬ್ಬಿಸಿ ಅವನ ಬಾಯಿಗೆ ಇಡುತ್ತಿದ್ದಳು. ಆ ಬಟ್ಟೆಯ ಮೇಲಿದ್ದದ್ದೆಲ್ಲ ತನ್ನದು ಎಂದೇ ಅವನು ತಿಳಿದಿದ್ದ.

ಅವತ್ತು ಆಯಿ ತಲೆಯ ಪಿನ್ನಿನಿಂದ ಮಗ್ಗಿ ಪೆಟಗಿಯ ಬೆನ್ನು ತೆರೆದಳು. ರೇಡಿಯೋದಂಥ ದಪ್ಪ ಸೆಲ್ಲುಗಳಿರಲಿಲ್ಲ. ಅಂಗಿಯ ಗುಂಡಿಯಂಥ ಎರಡು ಬಿಳಿ ಬಿಲ್ಲೆಗಳು ಅವಳ ಅಂಗೈಗೆ ಬಿದ್ದವು.

“ಇಷ್ಟ ಇಷ್ಟ ಅದಾವು, ಇವಕ್ಕ ತಾಸೊತ್ತಿನ ಬಿಸಲ ಸಾಕು,” ಎಂದು ಅವೆರಡನ್ನೂ ಧೋತರದ ಅಂಚಿನಲ್ಲಿ, ಸಂಡಿಗೆ ಸಾಲಿನ ಕೊನೆಗೆ ಇಟ್ಟಳು.

ಆಮೇಲೆ ನಡೆದದ್ದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಂದು ಕಾಗೆ ಆಚೆ ಮೂಲೆಗೆ ಬಂದು ಕೂತಿತು, ನಾನು ಕೋಲು ಎತ್ತಿಕೊಂಡು ಅತ್ತ ಓಡಿದೆ. ಆಯಿ ಈ ಕಡೆ ಬೆನ್ನು ಮಾಡಿ ಪಾತ್ರೆಯ ತಳದ ಹಿಟ್ಟು ಕೆರೆಯುತ್ತಿದ್ದಳು. ಹಪ್ಪಳ ಮಗುಚುವ ಹಾಗೆ ಸೆಲ್ಲನ್ನೂ ಮಗುಚಿ ಇಡಬೇಕೆಂದು ಅವಳು ತಿರುಗಿ ನೋಡಿದರೆ, ಒಂದೇ ಇತ್ತು.

“ಗಿರಿಜಾ, ಇನ್ನೊಂದು ನೀ ತಗೊಂಡೇನ?”

“ಇಲ್ಲ ಆಯಿ.”

“ಕಾಗಿ ಒಯ್ತೇನ ಮತ್ತ?”

ಕಾಗೆ ಈ ಮೂಲೆಗೆ ಬಂದೇ ಇರಲಿಲ್ಲ. ಇಬ್ಬರೂ ಒಮ್ಮೆಲೇ ಬಸುವಿನ ಕಡೆ ನೋಡಿದೆವು. ಅವನು ಕಾಲು ಚಾಚಿ ಕೂತು, ಗಲ್ಲಕ್ಕೆ ಹಿಟ್ಟು ಮೆತ್ತಿಕೊಂಡು ನಗುತ್ತಿದ್ದ. ಆಯಿ ಮೊಣಕಾಲೂರಿ ಅವನ ಬಾಯಿ ತೆರೆಸಿದಳು. ಖಾಲಿ. ನಾನು ಉಳಿದ ಸೆಲ್ಲನ್ನು ಎತ್ತಿ ಅವನ ಮುಂದೆ ಹಿಡಿದೆ.

“ಬಸು, ಇಂಥಾದು ಎಲ್ಲೈತಿ?”

ಅವನು ತನ್ನ ಹೊಟ್ಟೆ ಮುಟ್ಟಿ ತೋರಿಸಿದ. “ಸಂಡಗಿ. ಗಟ್ಟಿ ಐತಿ,” ಎಂದ. ಇನ್ನೊಂದಕ್ಕೂ ಕೈ ಚಾಚಿದ.

ಸುಡುವ ಮಾಳಿಗೆಯ ಮೇಲೆ ಬರಿಗಾಲಲ್ಲಿ ನಿಂತಿದ್ದರೂ ನನ್ನ ಕಾಲು ತಣ್ಣಗಾದವು. ಆಯಿ ಅವನನ್ನು ಬೋರಲು ಹಾಕಿಕೊಂಡು ಬೆನ್ನು ಬಡಿದಳು. ಅವನು ಅದನ್ನು ಆಟ ಎಂದುಕೊಂಡು ಕೇಕೆ ಹಾಕಿದ. ಆ ನಗುವೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಆಯಿ ಕೂಗಿದ ಕೂಗಿಗೆ ಅವ್ವ ನಿಚ್ಚಣಿಕೆ ಹತ್ತಿ ಬಂದಳು.

“ಅತ್ತೀ, ಏನಾತ್ರಿ?”

“ಶೆಲ್ಲ ನುಂಗ್ಯಾನವ್ವ. ನಾ ಇಟ್ಟ ಶೆಲ್ಲ.”

ಅಪ್ಪ ಅಂಗಡಿಯನ್ನು ತೆರೆದಂತೆಯೇ ಬಿಟ್ಟು ಬಂದ. ಊರಿನ ಡಾಕ್ಟರು ಬಸುವಿನ ಗಂಟಲಿಗೆ ದೀಪ ಬಿಟ್ಟು ನೋಡಿದರು. ನನ್ನ ಕೈಯಲ್ಲಿದ್ದ ಸೆಲ್ಲನ್ನು ತಿರುವಿ ನೋಡಿದ ಮೇಲೆ ಅವರ ಮುಖ ಬದಲಾಯಿತು.

“ಚಾರಾಣೆ ನುಂಗಿದ್ರ ನಾನ ನಕ್ಕೊಂತ ಮನಿಗೆ ಕಳಸತಿದ್ದೆ. ಇದರಾಗ ಮದ್ದ ಇರತೈತಿ. ಅನ್ನನಾಳದಾಗ ಸಿಕ್ಕೊಂಡಿದ್ರ ಒಳಗ ಸುಡತೈತಿ. ಈಗಿಂದೀಗ ಗದಗಕ್ಕ ಹೋಗಿ ಫೋಟೋ ತಗಸ್ರಿ. ಏನೂ ತಿನಸಬ್ಯಾಡ್ರಿ, ನೀರೂ ಬ್ಯಾಡ. ಈ ಶೆಲ್ಲನೂ ಒಯ್ರಿ, ತೋರಸಾಕ ಬೇಕಾಕ್ಕೈತಿ.”

ಆ ಸೆಲ್ಲನ್ನು ಮುಷ್ಟಿಯಲ್ಲಿ ಹಿಡಿದಿದ್ದವಳು ನಾನು. ಹಾಗಾಗಿ ನನ್ನನ್ನೂ ಬಸ್ಸು ಹತ್ತಿಸಿದರು.

ಬಸ್ಸಿನ ಕಬ್ಬಿಣವೆಲ್ಲ ಕಾದಿತ್ತು. ಕಿಟಕಿಯಿಂದ ಕರಿಮಣ್ಣಿನ ಧೂಳು. ಬಸು ಅವ್ವನ ತೊಡೆಯ ಮೇಲೆ, ಅಪ್ಪ ಅವರ ಪಕ್ಕದಲ್ಲಿ ನಿಂತು, ನಾನೂ ಆಯಿಯೂ ಹಿಂದಿನ ಸೀಟಿನಲ್ಲಿ. ಮುಂದೆ ಕೂತಿದ್ದ ಹೆಣ್ಣುಮಗಳೊಬ್ಬಳು ಉಪ್ಪು ಹಚ್ಚಿ ಸೌತೆಕಾಯಿ ತಿನ್ನುತ್ತಿದ್ದಳು. ಬಸು “ನೀ... ನೀ...” ಎಂದು ಅಳತೊಡಗಿದ. ನೀರಿಗೆ ಅವನು ಹಾಗೆನ್ನುತ್ತಿದ್ದ.

“ಕೂಸು ಅಳಾಕತ್ತೈತಿ, ಒಂದು ಹೋಳ ಕೊಡ್ರಿ,” ಎಂದು ಅವಳು ಕೈ ಚಾಚಿದಳು.

“ಬ್ಯಾಡ್ರೀ!” ಎಂದು ಅವ್ವ ಎಷ್ಟು ಜೋರಾಗಿ ಚೀರಿದಳೆಂದರೆ ಕಂಡಕ್ಟರು ತಿರುಗಿ ನೋಡಿದ. ಅಪ್ಪ ವಿಷಯ ಹೇಳಿದ. ಇಡೀ ಬಸ್ಸು ನಮ್ಮ ಕಡೆ ತಿರುಗಿತು.

“ನಮ್ಮ ಮೊಮ್ಮಗಾ ಉಂಗುರ ನುಂಗಿದ್ದ, ಎರಡ ಬಾಳಿಹಣ್ಣ ತಿನಸಿದ್ವಿ, ತಾನ ಬಂತು,” ಎಂದ ರುಮಾಲಿನ ಮುದುಕನೊಬ್ಬ.

“ಉಂಗುರಾ ಬ್ಯಾರೆ, ಶೆಲ್ಲ ಬ್ಯಾರೆ ಕಾಕಾ. ಡಾಕ್ಟರು ಬ್ಯಾಡ ಅಂದಾರಂತ, ಸುಮ್ನ ಕುಂಡ್ರು,” ಎಂದು ಕಂಡಕ್ಟರು ಗದರಿ, ಡ್ರೈವರಿಗೆ ಕೂಗಿ ಹೇಳಿದ, “ಜಲ್ದಿ ಹೊಡಿ ಮಾರಾಯ, ಕೈ ಮಾಡಿದವರಿಗೆಲ್ಲ ನಿಲ್ಲಸಬ್ಯಾಡ.”

ನಡುವೆ ಬಸು ಒಮ್ಮೆ ಕೆಮ್ಮಿದ. ಬರೀ ಧೂಳಿಗೆ ಬಂದ ಕೆಮ್ಮು. ಆದರೆ ಅವ್ವ ಉಸಿರು ನಿಲ್ಲಿಸಿ ಅವನ ಬಾಯಿ ನೋಡಿದಳು, ಅಪ್ಪ ಬಾಗಿದ, ಸೌತೆಕಾಯಿಯವಳ ಕೈ ಬಾಯಿಯ ಹತ್ತಿರವೇ ನಿಂತಿತು. ನಾನು ಮುಷ್ಟಿ ಬಿಗಿ ಮಾಡಿದೆ. ಇದೇ ಸೆಲ್ಲಿನ ಜೋಡಿ ಈಗ ಅವನ ಒಳಗೆ ಸುಡುತ್ತಿದೆ ಎನಿಸಿ, ನನ್ನ ಅಂಗೈಯೊಳಗಿನದೂ ಬಿಸಿಯಾಗಿದೆ ಎಂದು ಅನುಮಾನ ಬಂತು. ತೆರೆದು ನೋಡಲು ಧೈರ್ಯ ಬರಲಿಲ್ಲ.

ಆಯಿ ಗದಗ ಮುಟ್ಟುವ ತನಕ ಸೆರಗಿನ ತುದಿಯನ್ನು ಹಿಂಡುತ್ತ, ಬಿಡುತ್ತ, ಹಿಂಡುತ್ತ ಕೂತಿದ್ದಳು.

ದವಾಖಾನೆಯಲ್ಲಿ ಫೋಟೋ ತೆಗೆಯುವ ಕೋಣೆ ಕತ್ತಲಾಗಿತ್ತು. ಅಪ್ಪ ಬಸುವಿನ ಕೈ ಹಿಡಿದ, ಅವ್ವ ಕಾಲು. ಬಾಗಿಲ ಹೊರಗೆ ನಿಂತ ನಮಗೆ ಅವನ ಚೀರಾಟ ಮಾತ್ರ ಕೇಳಿಸಿತು, ಆಮೇಲೆ ಅದೂ ನಿಂತಿತು. ನಿಂತದ್ದಕ್ಕೆ ಹೆದರಿ ನಾನು ಆಯಿಯ ಸೀರೆ ಹಿಡಿದೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಮತ್ತೆ ಅಳು ಕೇಳಿತು. ಅಳು ಕೇಳಿ ನೆಮ್ಮದಿಯಾದದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಬಿಳಿ ತಲೆಯ ಡಾಕ್ಟರು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬಾಚಣಿಗೆಯ ಹಲ್ಲಿನಂಥ ಪಕ್ಕೆಲುಬುಗಳು. ಅವುಗಳ ಕೆಳಗೆ, ಒಂದು ಬದಿಗೆ, ಬೆಳ್ಳಗೆ ದುಂಡಗೆ ಅದು ಕೂತಿತ್ತು. ಡಾಕ್ಟರು ನನ್ನ ಮುಷ್ಟಿ ಬಿಡಿಸಿ, ಸೆಲ್ಲನ್ನು ಫಿಲ್ಮಿನ ಪಕ್ಕ ಹಿಡಿದು ನೋಡಿದರು.

“ಗಂಟಲಾ, ಎದಿ ಎಲ್ಲಾ ದಾಟಿ ಹೊಟ್ಟಿಗೆ ಇಳದೈತಿ. ದೊಡ್ಡ ಗಂಡಾಂತರ ತಪ್ಪೇತಿ ತಿಳೀರಿ. ಆದ್ರ ಹೊರಗ ಬರೂತನಕಾ ಇಲ್ಲೇ ಇರ್ರಿ. ಹೊಟ್ಟಿ ನೋವಂದ್ರ, ವಾಂತಿ ಆದ್ರ, ತಕ್ಷಣ ಹೇಳ್ರಿ. ಶೆಲ್ಲ ಅಂವನ ಕೈಗೆ ಹ್ಯಾಂಗ ಸಿಕ್ತು?”

ಆಯಿಯೇ ಮುಂದೆ ಬಂದಳು.

“ನಾನ ಬಿಸಲಿಗೆ ಇಟ್ಟಿದ್ನಿರಿ. ಶಕ್ತಿ ಬರಲಿ ಅಂತ.”

ಡಾಕ್ಟರು ಬೈಯುತ್ತಾರೆ ಎಂದುಕೊಂಡೆ. ಅವರು ಕನ್ನಡಕ ತೆಗೆದು ಒರೆಸಿದರು. “ನಮ್ಮ ತಾಯಿನೂ ಇಡತಿದ್ಲು ಯಮ್ಮಾ,” ಎಂದರು.

ಆ ಮೇಲಿನದೆಲ್ಲ ಕಾಯುವುದೇ. ವಾರ್ಡಿನ ತುಂಬ ಫಿನೈಲಿನ ವಾಸನೆ. ಬಸುವಿಗೆ ಈಗ ಗಂಜಿ ಕೊಡಬಹುದಿತ್ತು. ಅವನು ಕುಡಿದು, ಮಂಚದ ಸರಳು ಹಿಡಿದು ಕುಣಿದ. ಅವನು ಹೊಟ್ಟೆ ಕೆರೆದುಕೊಂಡರೂ ನಾವು ನಾಲ್ವರೂ ಎದ್ದು ನಿಲ್ಲುತ್ತಿದ್ದೆವು. ಅವನನ್ನು ಅಗಲ ಹಿತ್ತಾಳೆಯ ಗಂಗಾಳದ ಮೇಲೆ ಕೂರಿಸುವ ಕೆಲಸ ಆಯಿ ಯಾರಿಗೂ ಬಿಡಲಿಲ್ಲ.

“ಮಾಡಪ್ಪ ನನ್ನ ಬಂಗಾರಾ, ಮಾಡು. ನನ್ನ ಮಾನ ಉಳಸು.”

“ಹೇಲಿಗೆ ಇಷ್ಟು ಆಸೆ ಪಟ್ಟವರನ್ನ ನಾ ಕಂಡಿದ್ದಿಲ್ಲ ಬಿಡ್ರಿ,” ಎಂದು ಪಕ್ಕದ ಮಂಚದ ಹೆಂಗಸು ನಕ್ಕಳು. ಅವ್ವನಿಗೂ ಅರೆಗಳಿಗೆ ನಗು ಬಂತು. ಆಯಿ ನಗಲಿಲ್ಲ. ಗಂಗಾಳ ಎತ್ತಿಕೊಂಡು ಹಿತ್ತಲ ನಳದ ಕಡೆ ಹೋಗಿ, ಬೇವಿನ ಕಡ್ಡಿಯಿಂದ ಕೆದಕಿ ಕೆದಕಿ ನೋಡಿ, ಬರಿಗೈಯಲ್ಲಿ ಬಂದಳು.

ಮರುದಿನ ಮುಂಜಾನೆ ನಾನೂ ಮೂಗು ಮುಚ್ಚಿಕೊಂಡು ಆಯಿಯ ಹಿಂದೆ ನಳದ ಹತ್ತಿರ ಹೋಗಿದ್ದೆ. ಅವಳು ನೀರು ಬಿಟ್ಟಳು, ಕಡ್ಡಿಯಾಡಿಸಿದಳು. ಹಿತ್ತಾಳೆಗೆ ಏನೋ ತಾಗಿ ಸಣ್ಣಗೆ ‘ಟಣ್’ ಎಂದಿತು. ಆಯಿ ಬೆರಳಿನಿಂದಲೇ ಅದನ್ನು ಎತ್ತಿದಳು. ಕಪ್ಪಾಗಿತ್ತು; ಅಂಚು ತುಕ್ಕು ತಿಂದಂತೆ ಒರಟಾಗಿತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಅವಳು ಆ ಕೆಸರಿನಲ್ಲೇ ಕುಸಿದು ಕೂತಳು.

“ಹೋಗಿ ನಿಮ್ಮವ್ವಗ ಹೇಳ,” ಎಂದಳು. ಅವಳ ದನಿ ನನಗೆ ಗುರುತೇ ಸಿಗಲಿಲ್ಲ.

ಮತ್ತೊಂದು ಫೋಟೋ ತೆಗೆದು, ಎಲ್ಲ ಸರಿ ಇದೆ ಎಂದು ಡಾಕ್ಟರು ನಮ್ಮನ್ನು ಮನೆಗೆ ಕಳಿಸಿದರು. ಕೆಲವು ದಿನಗಳ ಮೇಲೆ ಅಪ್ಪ ಹೊಸ ಸೆಲ್ಲು ತಂದು ಹಾಕಿಸಿ, ಪೆಟಗಿಯ ಬೆನ್ನಿಗೆ ಪಟ್ಟಿ ಸುತ್ತಿ ಕೊಟ್ಟ. ಮೊಲ ಹೊಳೆಹೊಳೆಯುತ್ತ ಬಂದು ನಿಂತಿತು.

“ಆಯಿ, ಬಾ, ಮೊಲಾ ಬಂತು!”

“ನೀ ಆಡವ್ವ,” ಎಂದಳು ಒಳಗಿನಿಂದ.

ಒಬ್ಬಳೇ ಆಡಿದೆ. ಒಂದೂ ತಪ್ಪದೆ ಮೊಲವನ್ನು ಆಚೆ ದಂಡೆಗೆ ಮುಟ್ಟಿಸಿದೆ. ಗಡಬಡ ಮಾಡುವವರಿರಲಿಲ್ಲ. ಶಾಲೆ ಶುರುವಾಗುವ ಹೊತ್ತಿಗೆ ಅದರ ಮೇಲಿನ ಮನಸ್ಸೇ ಹೋಗಿ, ಪೆಟಗಿ ಕಪಾಟು ಸೇರಿತು.

ಬಸುವಿಗೆ ಇದಾವುದೂ ನೆನಪಿಲ್ಲ. ಈಗ ಅವನ ಮಗಳು ಮೊಬೈಲಿನಲ್ಲಿ ಲೆಕ್ಕದ ಆಟ ಆಡುವಾಗ, “ನಿಮ್ಮಪ್ಪ ಆಟಾನ ನುಂಗಿದವ,” ಎಂದು ಅವನೇ ಹೇಳಿ ನಗಿಸುತ್ತಾನೆ. ನಾನೂ ನಗುತ್ತೇನೆ. ಅವನು ಉಳಿದ, ಅಷ್ಟು ಸಾಕು. ಆದರೆ ಆ ಬೇಸಿಗೆಯಲ್ಲಿ ನಮ್ಮ ಮನೆ ಏನನ್ನೂ ಕಳೆದುಕೊಳ್ಳಲಿಲ್ಲ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ.

ಅದಾದ ಮೇಲೆ ಮನೆಗೆ ಮಿಕ್ಸರ್ ಬಂತು, ಬಣ್ಣದ ಟಿವಿ ಬಂತು, ಗ್ಯಾಸು ಬಂತು. ಆಯಿ ಪ್ರತಿಯೊಂದನ್ನೂ ಬಾಗಿಲಲ್ಲಿ ನಿಂತು ನೋಡಿದಳು. “ಇದನ್ನ ಮುಟ್ಟಬಹುದೇನ?” ಎಂದು ಸೊಸೆಯನ್ನು, ಮೊಮ್ಮಕ್ಕಳನ್ನು ಕೇಳುವ ಮುದುಕಿಯಾದಳು. ಬಸು ಕಾಲೇಜಿಗೆಂದು ಧಾರವಾಡದ ಹಾಸ್ಟೆಲಿಗೆ ಸೇರಿದಾಗ ಮನೆಗೆ ಮೊದಲ ಮೊಬೈಲು ಬಂದಿತ್ತು. ನಾನು ತವರಿಗೆ ಬಂದಿದ್ದ ಒಂದು ದಿನ ಅವನು ಫೋನು ಮಾಡಿ, ಆಯಿಗೆ ಕೊಡು ಎಂದ. ಅವಳ ಕಡೆ ಚಾಚಿದೆ.

“ಹಿಡಿ ಆಯಿ, ಬಸು ಮಾತಾಡತಾನ.”

ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಕುತ್ತಿಗೆ ಮಾತ್ರ ಮುಂದೆ ಬಾಗಿಸಿ, ಕಿವಿ ಕೊಟ್ಟಳು.

“ಬ್ಯಾಡವ್ವ, ನೀನ ಹಿಡಿ,” ಎಂದಳು. “ನನ್ನ ಕೈ ಸುಮ್ನಿರೂದಿಲ್ಲ.”