ನಾನು ಹೊಡೆದುಹಾಕಿದ ಪ್ರಶ್ನೆ

ರುಬೀನಾ ಅವರೇ, ಕೈಪಿಡಿಯಿಂದ ಆ ಪ್ರಶ್ನೆಯನ್ನು ತೆಗೆದವನು ನಾನು. ಎಂಟು ವರ್ಷವಾದರೂ ಇದನ್ನು ನಿಮಗೆ ಹೇಳಲಿಲ್ಲ.

ಬಟವಾಡಿ ಬಡಾವಣೆಯಲ್ಲಿ ಕ್ಲಿನಿಕ್ಕಿನ ಮೇಲಿನ ಎರಡು ಕೋಣೆಗಳಲ್ಲಿ ಸಹಾಯವಾಣಿ ಶುರುವಾದಾಗ — ಬದುಕು ಸಾಕೆನಿಸಿದವರು ಫೋನ್ ಮಾಡಲಿ ಎಂದು — ನಮ್ಮ ಬಳಿ ಇದ್ದದ್ದು ಐರ್ಲೆಂಡಿನಿಂದ ಬಂದ ಒಂದು ತರಬೇತಿ ಪುಸ್ತಕ ಮಾತ್ರ. ಸಮಾಜಶಾಸ್ತ್ರದ ಮೇಷ್ಟ್ರೆಂದು ಅದನ್ನು ಕನ್ನಡಕ್ಕೆ ತರುವ ಕೆಲಸ ನನಗೆ ಕೊಟ್ಟರು. ಅದರಲ್ಲೊಂದು ಪುಟ. ಅನುಮಾನ ಬಂದರೆ ಸುತ್ತಿಬಳಸಬೇಡಿ, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಒಳಗಿಟ್ಟುಕೊಂಡವರಿಗೆ ಹೇಳಲು ದಾರಿಯಾಗುತ್ತದೆ. ಆ ಪುಟವಿಡೀ ಹೊಡೆದುಹಾಕಿದೆ.

ಹಾಗೆಂದು ಈಗ ಖಚಿತವಾಗಿ ಬರೆಯುತ್ತಿದ್ದೇನೆ. ಎಷ್ಟೋ ವರ್ಷ ನನ್ನ ನೆನಪು ಬೇರೆಯೇ ಹೇಳುತ್ತಿತ್ತು — ಪುಟ ಹೆಚ್ಚಾಯಿತೆಂದು ಪ್ರೆಸ್ಸಿನವರು ಕೈಬಿಟ್ಟರು, ಇಲ್ಲವೇ ಸಮಿತಿಯಲ್ಲಿ ಯಾರೋ ಬೇಡವೆಂದರು. ಅದನ್ನು ನಂಬಿಕೊಂಡೇ ಇದ್ದೆ. ಹೋದ ತಿಂಗಳು ಹಳೆಯ ಕರಡು ಸಿಕ್ಕಿತು. ಕೆಂಪು ಗೀಟು, ಅಂಚಿನಲ್ಲಿ ನನ್ನದೇ ಅಕ್ಷರ: ‘ನಮ್ಮಲ್ಲಿ ಸಲ್ಲದು.’

ತರಬೇತಿಯ ದಿನ ನೀವು ಕೇಳಿದ್ದು ನೆನಪಿದೆ. ಅಥವಾ ಕೇಳಿದಿರಿ ಎಂದು ನಾನೇ ಆಮೇಲೆ... ಇಲ್ಲ, ಕೇಳಿದಿರಿ. “ಸರ್, ಸಾಯ್ಬೇಕು ಅನ್ಸ್ತಿದ್ಯಾ ಅಂತ ನೇರವಾಗೇ ಕೇಳ್ಬಿಟ್ರೆ ತಪ್ಪಾ?”

“ನಮ್ ಕಡೆಯೋರ್ನ ಹಂಗ್ ಕೇಳಿ ನೋಡಿ, ಚಪ್ಪಲಿ ಹಿಡ್ಕೊಂಡು ಮೆಟ್ಲು ಹತ್ತಿ ಬರ್ತಾರೆ” ಎಂದೆ. ಎಲ್ಲರೂ ನಕ್ಕರು. ನೀವೂ ನಕ್ಕಿರಿ. ಅಂಥ ಮಾತು ಬಂದರೆ ‘ಬಿಡ್ತು ಅನ್ನಿ’ ಎಂದು ಹೇಳಿ, ಮಾತನ್ನು ಬೇರೆ ಕಡೆಗೆ ತಿರುಗಿಸಿ ಎಂದು ಕಲಿಸಿದೆ.

ಕುಣಿಗಲ್ಲಿನ ನಿಮ್ಮ ಟೈಲರಿಂಗ್ ಅಂಗಡಿಗೆ ವಾರದಲ್ಲಿ ಎರಡು ದಿನ ಬೀಗ ಹಾಕಿ ಬಸ್ಸು ಹತ್ತಿ ಬರುತ್ತಿದ್ದಿರಿ. ಗುಬ್ಬಿಯ ಆ ಕಂಡಕ್ಟರ್ ಫೋನ್ ಮಾಡಿದ್ದು ಅಂಥದೊಂದು ಮಧ್ಯಾಹ್ನ. ಪಕ್ಕದ ಮೇಜಿನಲ್ಲಿ ನಾನಿದ್ದೆ. “ನಾನಿಲ್ದಿದ್ರೂ ಮನೆ ನಡೀತದೆ ಅಲ್ವಾ ಮೇಡಂ” ಎಂದು ಆತ ಅಂದದ್ದು ಸ್ಪೀಕರಿನಲ್ಲಿ ಕೇಳಿಸಿತು. ನೀವು ಏನೋ ಕೇಳಲು ಬಾಯಿ ತೆರೆದಿರಿ. ನನ್ನ ಕಡೆ ನೋಡಿದಿರಿ. ನಾನು ತಲೆ ಅಲ್ಲಾಡಿಸಿದೆ — ಬೇಡ ಎಂದು.

“ಬಿಡ್ತು ಅನ್ನಿ ಅಣ್ಣ. ಊಟ ಆಯ್ತಾ?” ಎಂದಿರಿ.

ಎರಡು ದಿನದ ನಂತರ ಆತ ಆಸ್ಪತ್ರೆಯಲ್ಲಿದ್ದ. ಬದುಕಿದ. ತಿಂಗಳ ಮೇಲೆ ಹೆಂಡತಿಯ ಜೊತೆ ನಮ್ಮಲ್ಲಿಗೇ ಬಂದು ನಿಮ್ಮೆದುರು ಕೂತ. ಕೋಪವೇನೂ ಇರಲಿಲ್ಲ. “ನೀವ್ ಕೇಳ್ತೀರ ಅಂತ ಕಾಯ್ತಿದ್ದೆ ಕಣಮ್ಮ. ಕೇಳಿದ್ರೆ ಎಲ್ಲಾ ಹೇಳ್ಬುಡ್ತಿದ್ದೆ. ಊಟ ಆಯ್ತಾ ಅಂದ್ರಿ. ಆಯ್ತು ಅಂದೆ.”

ಅಂದೇ ನೀವು ಬಿಟ್ಟಿರಿ. “ನನಗೆ ಈ ಕೆಲಸ ಬರಲ್ಲ ಸರ್” ಎಂದಿರಿ. “ನಿಮ್ಮ ತಪ್ಪಲ್ಲ” ಎಂದೆ. ನೀವದನ್ನು ಸಮಾಧಾನದ ಮಾತೆಂದುಕೊಂಡಿರಿ. ಅದು ಬರೀ ನಿಜ — ಅರ್ಧ ನಿಜ. ಹಾಗಾದರೆ ಯಾರದು ಎಂದು ನೀವು ಕೇಳಲಿಲ್ಲ, ನಾನು ಹೇಳಲಿಲ್ಲ.

ಯಾಕೆ ಹೊಡೆದುಹಾಕಿದೆ? ನಮ್ಮ ಜನರ ಮನಸ್ಸು ಆ ಪುಸ್ತಕಕ್ಕಿಂತ ನನಗೆ ಚೆನ್ನಾಗಿ ಗೊತ್ತು ಎಂಬ ಜಂಬ ಇತ್ತು. ಅದರ ಕೆಳಗೆ ಇನ್ನೊಂದು. ನಮ್ಮೂರು ಕೋರದ ಮನೆಯಲ್ಲಿ ಸಾವಿನ ಮಾತೆತ್ತಿದರೆ ಅಜ್ಜಿ “ಬುಡ್ತು ಅನ್ಲಾ” ಎಂದು ಬಾಯಿ ಮುಚ್ಚಿಸುತ್ತಿದ್ದಳು. ಅದನ್ನು ಮೂಢನಂಬಿಕೆಯೆಂದು ತರಗತಿಯಲ್ಲಿ ಎಷ್ಟು ಸಲ ಆಡಿಕೊಂಡಿದ್ದೇನೆ! ಆ ಪುಟದ ಮುಂದೆ ಕೂತಾಗ ನನಗೂ ಅದೇ ಭಯ. ಅದಕ್ಕೆ ‘ನಮ್ಮ ಸಂಸ್ಕೃತಿ’ ಎಂದು ಹೆಸರಿಟ್ಟೆ.

ಹೋದ ವಾರ ಹೇಳಿಬಿಡಬೇಕೆಂದೇ ಕುಣಿಗಲ್ಲಿಗೆ ಬಂದಿದ್ದೆ.

“ಅರೆ, ಸರ್! ಏನ್ ಈ ಕಡೆ?”

“ಕೆರೆ ತುಂಬಿದೆಯಂತಲ್ಲ, ನೋಡೋಣ ಅಂತ.”

“ಕೆರೆ ಆ ಕಡೆ ಐತಲ್ಲ ಸರ್” ಎಂದು ನಕ್ಕು ಟೀ ತರಿಸಿದಿರಿ. ರವಿಕೆಗೆ ಕೊಕ್ಕೆ ಹೊಲಿಯುತ್ತಲೇ, “ಈಗ್ಲೂ ಗೊತ್ತಿಲ್ಲದ ನಂಬರಿಂದ ಫೋನ್ ಬಂದ್ರೆ ಎತ್ತಲ್ಲ ಸರ್. ಮತ್ತೆ ಯಾರಾದ್ರೂ ನನ್ ಕೈಲಿ...” ಎಂದು ನಿಲ್ಲಿಸಿದಿರಿ. ಟೀ ಕುಡಿದೆ. ಎದ್ದು ಬಂದೆ.

ಆ ಪುಟವನ್ನು ಈಗ ಕೈಪಿಡಿಗೆ ಸೇರಿಸಿದ್ದೇವೆ. ಅದು ಯಾರಿಂದ ಬಿಟ್ಟುಹೋಗಿತ್ತು ಎಂದು ಹೊಸ ಸ್ವಯಂಸೇವಕರಿಗೆ ನಿನ್ನೆ ಹೇಳಿದೆ. ಮೊದಲು ತಿಳಿಯಬೇಕಾದವರು ನೀವು, ಅಲ್ಲೂ ತಪ್ಪಿದೆ. ಕ್ಷಮಿಸಿ ಎಂದು ಬರೆದು ಅಳಿಸಿದ್ದೇನೆ — ಅದನ್ನು ಕೇಳಿದರೆ ಮತ್ತೆ ನಿಮಗೇ ಒಂದು ಕೆಲಸ ಹೊರಿಸಿದಂತೆ. ಇದನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ನಾನೇ ತಂದು ಕೊಡುತ್ತೇನೆ, ನೀವು ಓದಿ ಮುಗಿಸುವವರೆಗೂ ಅಂಗಡಿಯಲ್ಲೇ ಕೂತಿರುತ್ತೇನೆ.

ಆ ಮಧ್ಯಾಹ್ನ ನಿಮಗೆ ಎಲ್ಲವೂ ಅರ್ಥವಾಗಿತ್ತು, ರುಬೀನಾ. ಪ್ರಶ್ನೆ ನಿಮ್ಮ ಬಾಯಿಗೂ ಬಂದಿತ್ತು. ಬೇಡವೆಂದವನು ನಾನು.