ಎದುರು ಮನೆಯ ಹುಡುಗಿ ಕಟ್ಟಿದ ಪುಟ

ಮೊನ್ನೆ ಭಾನುವಾರ ಹುಮನಾಬಾದಿನಿಂದ ಬಂದ ನಮ್ಮ ಮೊಮ್ಮಗಳು ಲ್ಯಾಪ್‌ಟಾಪನ್ನು ಕೌದಿಯ ಮೇಲೇ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. ಅದು ಕಾಯುತ್ತ ಕಾಯುತ್ತ ಬಿಸಿ ಧೂಳಿನ ವಾಸನೆ ಬಿಡತೊಡಗಿತು. ಬಹಳ ದಿನ ಮೂಲೆಯಲ್ಲಿದ್ದ ಇಸ್ತ್ರಿ ಪೆಟ್ಟಿಗೆ ಹಚ್ಚಿದಾಗ ಬರುತ್ತದಲ್ಲ, ಅಂಥದ್ದು. ನಾನು ಅಡುಗೆ ಮನೆಯಿಂದಲೇ, “ಅದನ್ನ ಹಲಗೀ ಮ್ಯಾಲೆ ಇಡು, ಕೆಳಗ ಗಾಳಿ ಆಡಬೇಕು” ಅಂದೆ. ಅವಳು ನಕ್ಕಳು. “ಆಯಿ, ನಿನಗ್ಯಾರ ಹೇಳಿದ್ರು ಇದು?”

ಯಾರು ಹೇಳಿದ್ದು ಅಂತ ಆಗ ಹೇಳಲಿಲ್ಲ. ಮಾತಾಡಿ ಹೇಳುವುದು ನನಗೆ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ಮಕ್ಕಳೇ. ನಿರ್ಣಾ ಊರಿನ ಶಾಲೆಯಲ್ಲಿ ಏಳನೆಯವರೆಗೆ ಕಲಿತವಳು ನಾನು. ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ಕೆಲವು ವರ್ಷದ ಹಿಂದೆ ನಮ್ಮ ಮನೆಯವರ, ಅಂದರೆ ನಿಮ್ಮ ಮುತ್ಯಾನ, ಕಿಡ್ನಿ ಎರಡೂ ಕೆಲಸ ಬಿಟ್ಟಿದ್ದವು. ವಾರಕ್ಕೆರಡು ಸಲ ಹುಮನಾಬಾದಿನ ಆಸ್ಪತ್ರೆಗೆ ಹೋಗಿ ರಕ್ತ ತೊಳೆಯುವ ಯಂತ್ರಕ್ಕೆ ಕೈ ಕೊಟ್ಟು ಮಲಗಬೇಕು. ಕಾಲು ಬಾತು ಬಸ್ಸಿನ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ಯಾರೋ ಒಬ್ಬ ವ್ಯಾಪಾರಿ ಪುಣ್ಯದ ಕೆಲಸವೆಂದು ಇಂಥ ರೋಗಿಗಳಿಗಾಗಿ ಒಂದು ವ್ಯಾನು ಬಿಟ್ಟಿದ್ದ. ನಮ್ಮ ಬಸವಕಲ್ಯಾಣದಿಂದ ಬೆಳಿಗ್ಗೆ ಹೊರಟು ಸಂಜೆ ತಿರುಗಿ ಬರುತ್ತಿತ್ತು. ಮೊದಮೊದಲು ಯಾರು ಡ್ರೈವರನಿಗೆ ಮೊದಲು ಫೋನು ಹಚ್ಚುತ್ತಾರೋ ಅವರಿಗೆ ಜಾಗ. ಫೋನು ಹತ್ತದವರು ಬಾಗಿಲಲ್ಲಿ ನಿಂತು ವ್ಯಾನು ಮುಂದೆ ಹೋಗುವುದನ್ನು ನೋಡುವುದು. ಒಂದು ಸರದಿ ತಪ್ಪಿತೆಂದರೆ ಅಂದಿನ ಯಂತ್ರ ಬೇರೆಯವರಿಗೆ ಹೋಗುತ್ತಿತ್ತು. ಮಾರನೇ ದಿನಕ್ಕೆ ಮುಖ ಬಾತು, ಉಸಿರು ಏರುತ್ತಿತ್ತು…

ಎದುರು ಮನೆಯ ಹುಡುಗಿಯ ಅಬ್ಬಾನಿಗೂ ಅದೇ ರೋಗ. ಅವಳು ಹುಮನಾಬಾದಿನಲ್ಲಿ ಕಂಪ್ಯೂಟರ್ ಕಲಿತವಳು. ಮನೆಯಲ್ಲೇ ಕೂತು ಹೈದರಾಬಾದಿನ ಯಾವುದೋ ಆಫೀಸಿಗೆ ವೆಬ್‌ಸೈಟು ಮಾಡಿಕೊಡುತ್ತಿದ್ದಳು. ಲಗ್ನದ ಮಾತು ಬಂದಾಗಲೆಲ್ಲ ಅಬ್ಬಾನ ಆಸ್ಪತ್ರೆ ಮುಂದೆ ಮಾಡಿ ತಪ್ಪಿಸಿಕೊಳ್ಳುತ್ತಿದ್ದಳು. ಒಂದು ದಿನ ನನ್ನ ಹತ್ತಿರ ಬಂದು, “ಕಾಕಿ, ವ್ಯಾನಿಂದು ಒಂದು ಪುಟ ಮಾಡ್ತೀನ್ರಿ. ಎಲ್ಲಾರೂ ಒಮ್ಮೆ ಹೆಸರು ಬರ್ಸಿದ್ರ ಸಾಕು. ಮೊದಲು ಬರ್ಸಿದವ್ರಿಗಿ ಮೊದಲು ಸೀಟು. ಜಗಳಿಲ್ಲ, ಫೋನಿಲ್ಲ” ಅಂದಳು.

ಆ ಪುಟ ಮಾಡುವಷ್ಟು ದಿನವೂ ನಾನು ಮಧ್ಯಾಹ್ನ ಅವರ ಮನೆಯಲ್ಲಿ ಕೂರುತ್ತಿದ್ದೆ. ಅವಳೇ ಕರೆಯುತ್ತಿದ್ದಳು. ನಾನು ಜೋಳ ಹಸನು ಮಾಡುತ್ತಿದ್ದೆ, ಅವಳು ಕೆಳಗೆ ಗಾಳಿ ಆಡಲೆಂದು ಲ್ಯಾಪ್‌ಟಾಪನ್ನು ಹಲಗೆಯ ಮೇಲಿಟ್ಟುಕೊಂಡು ತನ್ನ ಕೆಲಸದ ತೊಡಕನ್ನು ನನಗೆ ಹೇಳುತ್ತಿದ್ದಳು. ನನಗೆ ಒಂದಕ್ಷರ ತಿಳಿಯುತ್ತಿರಲಿಲ್ಲ.

“ಮಗಳ, ನನಗ ಏನೂ ತಿಳಿಯಂಗಿಲ್ಲಲ್ಲ, ಯಾಕ ಹೇಳ್ತಿ?”

“ತಿಳೀಬಾರ್ದ್ರಿ ಕಾಕಿ. ತಿಳದವ್ರು ನಡುವ ಬಾಯಿ ಹಾಕ್ತಾರ. ನೀವು ಬರೇ ಹೂಂ ಅನ್ರಿ.”

ನಾನು ಹೂಂ ಅನ್ನುತ್ತಿದ್ದೆ. ಅರ್ಧ ಹೇಳುತ್ತಿದ್ದಂತೆ ಅವಳೇ ಹಣೆ ಬಡಿದುಕೊಂಡು, “ಅರೇ ಅಲ್ಲಾ, ಸಿಕ್ತು!” ಎಂದು ಲ್ಯಾಪ್‌ಟಾಪಿನ ಕಡೆ ತಿರುಗುತ್ತಿದ್ದಳು. ಜೀವನದಲ್ಲಿ ನನ್ನ ಮೌನಕ್ಕೆ ಬೆಲೆ ಬಂದದ್ದು ಆ ಮನೆಯಲ್ಲೇ. ಮಕ್ಕಳೇ, ಕೆಲಸ ಸಿಕ್ಕಿಹಾಕಿಕೊಂಡಾಗ ಒಬ್ಬರೇ ಗುದ್ದಾಡಬೇಡಿರಿ. ಯಾರಿಗಾದರೂ ಮೊದಲಿನಿಂದ ಬಿಡಿಸಿ ಹೇಳಿರಿ. ಹೇಳುವಾಗಲೇ ಗಂಟು ಕಾಣುತ್ತದೆ.

ಪರದೆಯ ಮೇಲೆ ತಪ್ಪು ತೋರಿಸುವ ಕೆಂಪು ಅಕ್ಷರಗಳು ಬಂದಾಗ ನಾನು ಹೆದರುತ್ತಿದ್ದೆ. ಅವಳು ಹೆದರುತ್ತಿರಲಿಲ್ಲ. “ಇದು ಬೈಗುಳ ಅಲ್ರಿ ಕಾಕಿ, ವಿಳಾಸ. ಯಾವ ಓಣಿ, ಯಾವ ಮನಿ ಅಂತ ಬರದಾರ. ಮಂದಿ ಓದೂದ ಇಲ್ಲ, ಒಮ್ಮಿಗಿ ಅಳಾಕ ಹತ್ತತಾರ” ಅನ್ನುತ್ತಿದ್ದಳು. ಮೇಲಿನಿಂದ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದುತ್ತಿದ್ದಳು, ತನ್ನ ಫೈಲಿನ ಹೆಸರು ಎಲ್ಲಿ ಬರುತ್ತದೋ ಅಲ್ಲಿಗೆ ಹೋಗುತ್ತಿದ್ದಳು. ತಿದ್ದುವ ಮೊದಲು ಇದ್ದದ್ದನ್ನು ಬೇರೆ ಕಡೆ ಉಳಿಸಿಡುತ್ತಿದ್ದಳು. ಒಂದು ಸಲಕ್ಕೆ ಒಂದೇ ತಿದ್ದುಪಡಿ, ಆಮೇಲೆ ನಡೆಸಿ ನೋಡುವುದು. ಸಾರಿಗೆ ಉಪ್ಪು, ಖಾರ, ಹುಳಿ ಮೂರೂ ಒಟ್ಟಿಗೇ ಸುರಿದರೆ ಯಾವುದು ಹೆಚ್ಚಾಯಿತು ಅಂತ ತಿಳಿಯುವುದಿಲ್ಲವಲ್ಲ, ಹಾಗೆ ಅಂತ ನಾನು ನನ್ನಷ್ಟಕ್ಕೆ ಅರ್ಥ ಮಾಡಿಕೊಂಡೆ.

ಪುಟ ತಯಾರಾಯಿತು. ಎಲ್ಲರಿಗಿಂತ ಮೊದಲು ನನಗೇ ಬರೆಯಲು ಹೇಳಿದಳು, ನಾನು ಮನೆಗೆ ಬಂದು ನನ್ನ ಫೋನಿನಲ್ಲಿ ಬರೆದೆ. ಆಮೇಲೆ ಓಣಿಯವರು, ಕೊಹಿನೂರ, ನಾರಾಯಣಪುರದಿಂದ ಬಂದು ಇಲ್ಲಿ ನೆಂಟರ ಮನೆಯಲ್ಲಿ ಉಳಿದಿದ್ದವರು. ತನ್ನ ಅಬ್ಬಾನ ಹೆಸರನ್ನು ಕಟ್ಟಕಡೆಗೆ ತಾನೇ ಹಾಕಿದಳು. ಮಾಡಿದವಳು ಮುಂದೆ ಕೂರಬಾರದು ಅಂತ.

ಮೊದಲ ಸೋಮವಾರ ವ್ಯಾನು ಬಂತು. ಡ್ರೈವರ ಕೆಳಗಿಳಿದು ಫೋನಿನಲ್ಲಿ ಪುಟ ನೋಡಿ ಒಬ್ಬೊಬ್ಬರನ್ನೇ ಕೂಗಿದ. ತಿಳಿಯದೆ ಬಿಟ್ಟಿದ್ದ ಮೊದಲ ಸಾಲಿಗೆ ಕೊನೆಗೆ ಬಂದು, “ಮನೆಯವರು! ಮನೆಯವರು ಯಾರ್ರಿ?” ಅಂದ.

ಮೂವರು ಮುದುಕರು ಒಮ್ಮೆಗೇ ಮುಂದೆ ಬಂದರು. ಅದರಲ್ಲಿ ನಿಮ್ಮ ಮುತ್ಯಾನೂ ಒಬ್ಬರು.

“ಮೂರ್ ಮಂದಿ ಹ್ಯಾಂಗ್ರಿ? ಇಲ್ಲಿ ಒಬ್ರ ಅದಾರ.”

“ನಾನ ಮನೆಯವ. ಬೇಕಾದ್ರ ಆಕೀಗಿ ಕೇಳು” ಅಂದರು ಕೊಹಿನೂರದವರು.

“ಎಲ್ಲಾರೂ ಮನೆಯವ್ರ ಇರ್ತಾರ ಮುತ್ಯಾ, ನಾನೂ ನಮ್ಮ ಮನ್ಯಾಗ ಮನೆಯವನ. ಹೆಸರ ಬೇಕ್ರಿ, ಹೆಸರ!”

ಸುತ್ತ ನಿಂತವರು ನಕ್ಕರು. ಅವರ ಹೆಂಡಂದಿರಾದ ನಾವು ಮೂವರೂ ಸೆರಗು ಬಾಯಿಗೆ ಹಿಡಿದು ನೆಲ ನೋಡಿದೆವು. ವ್ಯಾನಿನಲ್ಲಿ ಒಂದು ಸೀಟು ಹೆಚ್ಚಿಗೆ ಖಾಲಿ ಇತ್ತು. ಹಾಗಾಗಿ ಇಬ್ಬರನ್ನು ಹತ್ತಿಸಿಕೊಂಡ. ನಿಮ್ಮ ಮುತ್ಯಾ ಉಳಿದರು. ಅಂದು ನಕ್ಕ ಓಣಿ ಮರುದಿನ ನಗಲಿಲ್ಲ. ನಿಮ್ಮ ಮುತ್ಯಾನಿಗೆ ಮಲಗಲೂ ಆಗದಷ್ಟು ಉಸಿರು ಕಟ್ಟಿ, ಆಟೋ ಮಾಡಿಕೊಂಡು ಹುಮನಾಬಾದಿಗೆ ಓಡಿದೆವು. ದಾರಿಯುದ್ದಕ್ಕೂ ನನ್ನ ಭುಜ ಹಿಡಿದು ಕೂತಿದ್ದರು. ಆಸ್ಪತ್ರೆಯವರು ಹೇಗೋ ಯಂತ್ರ ಹೊಂದಿಸಿದರು. ಇನ್ನೊಮ್ಮೆ ಹೀಗಾದರೆ ಕಷ್ಟ ಅಂದರು.

ತಿರುಗಿ ಬರುವಷ್ಟರಲ್ಲಿ ಹುಡುಗಿ ನಮ್ಮ ಕಟ್ಟೆಯ ಮೇಲೆ ಕೂತಿದ್ದಳು. ಅತ್ತು ಕಣ್ಣು ಕೆಂಪಾಗಿದ್ದವು. ನಾನು ಏನಾಯಿತು ಅಂತ ಹೇಳಹೋದರೆ ಕೈ ಹಿಡಿದು ತಡೆದಳು.

“ಹೇಳಬ್ಯಾಡ್ರಿ ಕಾಕಿ. ಅವತ್ತು ಹ್ಯಾಂಗ ಮಾಡಿದ್ರಿ, ನನ್ನ ಮುಂದ ಮತ್ತ ಮಾಡಿ ತೋರಸ್ರಿ. ನಾ ನಡುವ ಮಾತಾಡಂಗಿಲ್ಲ.”

ನಾನು ಫೋನು ತೆಗೆದೆ. ರೋಗಿಯ ಹೆಸರು ಅಂತ ಇದ್ದ ಕಡೆ ನಿಧಾನವಾಗಿ ‘ಮನೆಯವರು’ ಅಂತ ಒತ್ತಿದೆ. ಊರು, ಕಲ್ಯಾಣ. ಅವಳು ನೋಡಿದಳು. ಗಂಡನ ಹೆಸರು ನಾನು ಬಾಯಲ್ಲಿ ಹೇಳಿದವಳಲ್ಲ, ಬೆರಳಲ್ಲಿ ಹೇಗೆ ಒತ್ತಲಿ? ಉಳಿದಿಬ್ಬರದೂ ಅದೇ ಕಥೆ, ವ್ಯಾನು ಹತ್ತುವುದು ಇಲ್ಲಿಂದಲೇ ಅಂತ ಊರೂ ಕಲ್ಯಾಣವೆಂದೇ ಒತ್ತಿದ್ದರು. ಒಂದೇ ಹೆಸರು, ಒಂದೇ ಊರು ಎರಡು ಸಲ ಬಂದರೆ ಒಬ್ಬರೇ ಮರೆತು ಮತ್ತೆ ಬರೆಸಿದ್ದಾರೆಂದು ತಿಳಿದು ಒಂದೇ ಮಾಡು ಅಂತ ಅವಳು ಪುಟಕ್ಕೆ ಕಲಿಸಿದ್ದಳು. ಅದು ಕಲಿಸಿದಂತೆ ಮಾಡಿತ್ತು.

“ನಮ್ಮ ಅಮ್ಮೀನೂ ಅಬ್ಬಾನ ಹೆಸರು ಹೇಳಂಗಿಲ್ರಿ. ‘ಅಜೀ, ಸುನೋಜೀ’ ಅಂತಾಳ. ಹುಟ್ಟಿದಾಗಿಂದ ಕೇಳಾಕತ್ತೀನಿ. ಆದ್ರೂ ತಲೀಗಿ ಬರಲಿಲ್ಲ ನೋಡ್ರಿ. ಪರೀಕ್ಷಾ ಮಾಡೂವಾಗ ನಾನ ಹೆಸರು ಹುಟ್ಟಿಸಿ, ನಾನ ಬರದು, ನಾನ ಸರಿ ಅದ ಅಂದೆ.”

ಇದನ್ನು ಬರೆದಿಟ್ಟುಕೊಳ್ಳಿರಿ ಮಕ್ಕಳೇ. ನೀವು ಮಾಡಿದ್ದನ್ನು ನೀವೇ ಪರೀಕ್ಷೆ ಮಾಡಿ ಸಾಕೆನ್ನಬೇಡಿರಿ. ನಿಮ್ಮಂತೆ ಯೋಚಿಸದವರ ಕೈಗೆ ಕೊಟ್ಟು, ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂರಿರಿ.

ಅವಳು ನಮ್ಮನ್ನು ಗಂಡನ ಹೆಸರು ಬರೆಯಿರಿ ಅಂತ ಒತ್ತಾಯ ಮಾಡಲಿಲ್ಲ. ಪುಟವನ್ನೇ ಬದಲಿಸಿದಳು. ಪ್ರತಿಯೊಬ್ಬರಿಗೂ ಪುಟದ ಒಳಗೆ ಬೇರೆ ಬೇರೆ ನಂಬರು ಕೊಟ್ಟಳು. ಹೆಸರು ಮನುಷ್ಯರು ಕರೆಯಲಿಕ್ಕೆ, ಗುರುತು ಹಿಡಿಯಲಿಕ್ಕೆ ನಂಬರೇ ಇರಬೇಕು ಅಂದಳು. ಮತ್ತೆ ‘ಯಾರ ಮನೆಯವರು’ ಅಂತ ಒಂದು ಪ್ರಶ್ನೆ ಸೇರಿಸಿದಳು. ಅಲ್ಲಿ ನಮ್ಮ ಹೆಸರು ಬರೆದರಾಯಿತು.

ಬುಧವಾರ ಎಲ್ಲ ತಿದ್ದಿ ಮುಗಿಸಿ ನನ್ನ ಫೋನು ತೆರೆದರೆ ಹಳೆಯ ಪುಟವೇ ಇತ್ತು. ಹೊಸ ಪ್ರಶ್ನೆಯೇ ಇಲ್ಲ. ಮಾರನೇ ದಿನ ಮತ್ತೆ ವ್ಯಾನು. ಅವಳು ಸಾಲು ಸಾಲು ಹುಡುಕಿದಳು, ಊಟ ಬಿಟ್ಟಳು, ಅಮ್ಮಿಯ ಮೇಲೆ ರೇಗಿದಳು. ಆಮೇಲೆ ಏನೋ ಹೊಳೆದು ಪುಟದ ತಲೆಬರಹದ ಬಣ್ಣವನ್ನು ಹಸಿರು ಮಾಡಿದಳು. ಅವಳ ಲ್ಯಾಪ್‌ಟಾಪಿನಲ್ಲಿ ಹಸಿರಾಯಿತು, ನನ್ನ ಫೋನಿನಲ್ಲಿ ನೀಲಿಯೇ ಉಳಿಯಿತು. “ನಿಮ್ಮ ಫೋನ್ ಹಳೇ ಪುಟಾನ ಬಚ್ಚಿಟ್ಕೊಂಡು ಅದನ್ನ ತೋರಸಾಕತ್ತದ. ನಾ ಸುಮ್ಮಸುಮ್ಮನ ಒಳಗ ಅಗಿಯಾಕತ್ತೀನಿ!” ಅಂದಳು. ಆ ಉಳಿಸಿಟ್ಟದ್ದನ್ನು ಅಳಿಸಿದ ಮೇಲೆ ಹಸಿರು ಬಂತು. ಮುಂದೆ ಎಲ್ಲರ ಫೋನೂ ತಾನಾಗಿ ಹೊಸದನ್ನೇ ತರುವಂತೆ ಫೈಲಿನ ಹೆಸರಿನ ಹಿಂದೆ ಒಂದು ಅಂಕಿ ಸೇರಿಸಿದಳು. ತಿದ್ದಿದ್ದು ಕಾಣಿಸದಿದ್ದರೆ, ತಿದ್ದಿದ್ದೇ ಓಡುತ್ತಿದೆಯೋ ಇಲ್ಲವೋ ಅಂತ ಮೊದಲು ನೋಡಬೇಕಂತೆ.

ಗುರುವಾರ ಡ್ರೈವರ ನನ್ನ ಹೆಸರು ಕೂಗಿ, “ಇವ್ರ ಮನೆಯವ್ರು ಬರ್ರೀ” ಅಂದ. ನಿಮ್ಮ ಮುತ್ಯಾ ನನ್ನ ಕಡೆ ತಿರುಗಿ, “ಇಷ್ಟು ವರ್ಷ ನನ್ನ ಹೆಸರಿಲೆ ನೀ ಇದ್ದಿ. ಇನ್ನ ನಿನ್ನ ಹೆಸರಿಲೆ ನಾ ಹತ್ತಬೇಕೇನ?” ಅಂದರು. ಸಿಟ್ಟಿನಿಂದಲೇ ಅಂದರು. ಆದರೆ ಸೀಟಿನಲ್ಲಿ ಕೂತ ಮೇಲೆ ಕಿಟಕಿಯಿಂದ ಸಣ್ಣಗೆ ನಕ್ಕಿದ್ದನ್ನು ನಾನು ನೋಡಿದೆ.

ಆದರೆ ಒಂದಾಗಿದ್ದ ಮೂವರು ಬೇರೆ ಬೇರೆ ಆದ ಮೇಲೆ ಒಬ್ಬರಿಗೆ ಜಾಗ ಸಾಲಲಿಲ್ಲ. ಪುಟ ತಾನಾಗಿಯೇ ಕಡೆಗೆ ಬರೆಸಿದವರನ್ನು ಕೆಳಗೆ ಇಳಿಸಿತ್ತು. ಅದು ಅವಳ ಅಬ್ಬಾ.

ಓಣಿಯವರೆಲ್ಲ ಅಂದರು, ನೀನೇ ಮಾಡಿದ್ದು, ಒಂದು ಸಾಲು ಮೇಲೆ ಸರಿಸಿದರೆ ಯಾರು ಕೇಳುತ್ತಾರೆ ಅಂತ. ನಿಮ್ಮ ಮುತ್ಯಾ ತಾವೇ ಹೋಗಿ, ಒಂದು ಸಲ ನೀವು ಒಂದು ಸಲ ನಾನು ಅಂತ ಕೇಳಿದರು. ಅವಳ ಅಬ್ಬಾ ಒಪ್ಪಲಿಲ್ಲ. “ನನ್ನ ಕಾಲು ಇನ್ನಾ ನಡೀತಾವ್ರಿ, ನಿಮ್ದು ನಡ್ಯಂಗಿಲ್ಲ” ಅಂದರು. ಅವಳು ಮಾತ್ರ ಹೀಗೆ ಅಂದಳು: “ಒಮ್ಮೆ ನಾ ಕೈ ಹಾಕಿದ್ರ, ನಾಳೆ ಮತ್ತೊಬ್ಬ ಹಾಕಸ್ತಾನ. ಆಮ್ಯಾಲೆ ಈ ಪುಟಕ್ಕ ಯಾರು ನಂಬ್ತಾರ ಕಾಕಿ?” ವಾರಕ್ಕೆರಡು ಸಲ ಅಬ್ಬಾನ ತೋಳು ಹಿಡಿದು ಬಸ್ ಸ್ಟ್ಯಾಂಡಿಗೆ ನಡೆಸಿಕೊಂಡು ಹೋಗುತ್ತಿದ್ದಳು. ನಮ್ಮ ವ್ಯಾನು ಅವರನ್ನು ದಾಟಿಕೊಂಡೇ ಹೋಗುತ್ತಿತ್ತು…

ಆ ಚಳಿಗಾಲ ಮುಗಿಯುವ ಹೊತ್ತಿಗೆ ನಿಮ್ಮ ಮುತ್ಯಾ ಹೋದರು. ಯಂತ್ರದ ಮೇಲಲ್ಲ, ಮನೆಯಲ್ಲೇ, ಬೆಳಗಿನ ಚಹಾ ಕುಡಿದು ಒರಗಿದವರು ಏಳಲಿಲ್ಲ. ಮಣ್ಣು ಮಾಡಿ ಬಂದೆವು. ಅದರ ಮುಂದಿನ ಸರದಿಯ ದಿನ ವ್ಯಾನು ಬಂದು ನಮ್ಮ ಬಾಗಿಲಲ್ಲಿ ನಿಂತಿತು. ಸುದ್ದಿ ತಿಳಿಯದ ಡ್ರೈವರ ನನ್ನ ಹೆಸರು ಕೂಗಿದ. ಯಾರೋ ಹೋಗಿ ಹೇಳಿದರು. ಒಂದು ಸೀಟು ಖಾಲಿ ಇಟ್ಟುಕೊಂಡೇ ವ್ಯಾನು ಹೋಯಿತು. ಎದುರಿನ ಬಾಗಿಲಿಂದ ಅವಳು ಅಬ್ಬಾನನ್ನು ಹಿಡಿದುಕೊಂಡು ಬಸ್ಸಿಗೆ ಹೊರಟಳು. ನನ್ನ ಕಡೆ ನೋಡಲಿಲ್ಲ.

ನನಗೆ ಆಗ ತಿಳಿಯಿತು. ಆ ಹೆಸರು ಪುಟದಲ್ಲಿರುವ ತನಕ ಆ ಸೀಟು ಯಾರಿಗೂ ಹೋಗುವುದಿಲ್ಲ. ಅದನ್ನು ತೆಗೆ ಅಂತ ಅವಳು ನನ್ನನ್ನು ಎಂದೂ ಕೇಳುವುದಿಲ್ಲ. ತಾನಾಗಿಯೂ ಮುಟ್ಟುವುದಿಲ್ಲ.

ಅವರು ಆಸ್ಪತ್ರೆಯಿಂದ ತಿರುಗಿ ಬಂದ ಮೇಲೆ, ಸೂತಕದವಳು ಅನ್ನುವುದನ್ನೂ ನೋಡದೆ ರಸ್ತೆ ದಾಟಿ ಅವರ ಮನೆಗೆ ಹೋದೆ. ಫೋನನ್ನು ಅವಳ ಮುಂದೆ ಹಿಡಿದೆ.

“ಅಳಸೂದು ಎಲ್ಲಿ, ತೋರಸು.”

“ಅಳಸಬಾರ್ದ್ರಿ ಕಾಕಿ” ಅಂದಳು, ಮೆಲ್ಲಗೆ. “ಯಾರದೂ ಪೂರಾ ಅಳಸಬಾರ್ದು. ಇನ್ನ ಬರಂಗಿಲ್ಲ ಅಂತ ಗುರ್ತು ಹಾಕೂದು, ಅಷ್ಟ. ಅವ್ರು ಬಂದು ಹೋಗಿದ್ದೆಲ್ಲ ಒಳಗ ಹಂಗ ಇರ್ತದ.”

ಅವಳ ಬೆರಳು ತೋರಿಸಿದ ಕಡೆ ನಾನು ಒತ್ತಿದೆ. ನಮ್ಮ ಮನೆಯವರ ಸಾಲು ಬೂದು ಬಣ್ಣಕ್ಕೆ ತಿರುಗಿ ಕೆಳಗೆ ಹೋಯಿತು. ಕೆಳಗಿದ್ದ ಅವಳ ಅಬ್ಬಾನ ಹೆಸರು ಮೇಲೆ ಬಂತು. ಇಬ್ಬರೂ ನೋಡಿದೆವು. ಅವಳು ನನ್ನ ಮಡಿಲಲ್ಲಿ ಮುಖವಿಟ್ಟು ಅತ್ತಳು. ನಾನು ಅವಳ ತಲೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದೆ.

ಅವಳ ಅಬ್ಬಾ ಆ ಸೀಟಿನಲ್ಲಿ ಒಂದು ವರ್ಷದ ಮೇಲೆ ಓಡಾಡಿದರು. ಆಮೇಲೆ ಅವರೂ ಹೋದರು. ಅಮ್ಮಿಯನ್ನು ಕರೆದುಕೊಂಡು ಅವಳು ಹೈದರಾಬಾದಿಗೆ ಹೋದಳು. ಕೆಲವು ದಿನ ಫೋನು ಮಾಡುತ್ತಿದ್ದಳು, ಮುಂದೆ ಅದೂ ನಿಂತಿತು. ಯಾರು ಯಾರನ್ನು ಮರೆತರು ಅಂತ ಈಗ ಹೇಳಲಾರೆ. ವ್ಯಾನು ಕೊಟ್ಟ ವ್ಯಾಪಾರಿ ತೀರಿಕೊಂಡ ಮೇಲೆ ವ್ಯಾನೂ ಇಲ್ಲ, ಪುಟವೂ ತೆರೆಯುವುದಿಲ್ಲ.

ಎದುರು ಮನೆಗೆ ಬೇರೆಯವರು ಬಂದಿದ್ದಾರೆ. ಒಳ್ಳೆಯವರೇ, ಹಬ್ಬಕ್ಕೆ ಸಿಹಿ ಕಳಿಸುತ್ತಾರೆ, ದಿನಾ ಕಟ್ಟೆಯಿಂದ “ಬರ್ರಿ, ಕುಂಡ್ರ ಬರ್ರಿ” ಅನ್ನುತ್ತಾರೆ. ನಾಳೆ ಬರ್ತೀನ್ರಿ ಅನ್ನುತ್ತೇನೆ. ಇಷ್ಟು ದಿನವಾಯಿತು, ಇನ್ನೂ ಹೋಗಿಲ್ಲ.